ತಂಗಿಯ ಸೊಲ್ಲು

"ಇನ್ನೊಂದ್ ಸಲ, ಎಲ್ಲಾರೂ ಒಟ್ಗೇ ತಳ್ಳಿ!" ಎಂದು ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಬಸ್ಸಿನ ಹಿಂಬದಿಗೆ ಕೈ ಕೊಟ್ಟು ನಿಂತಿದ್ದ ಗಂಡಸರ ಸಾಲಿನಲ್ಲಿ ಚಿಕ್ಕಮಲ್ಲಮ್ಮನೂ ಇದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಕಾದ ತಗಡಿಗೆ ಅಂಗೈ ಒತ್ತಿ, ಹಲ್ಲು ಕಚ್ಚಿ ತಳ್ಳಿದಳು. ಬಸ್ಸು ನಾಲ್ಕು ಮಾರು ಉರುಳಿ, ಒಂದು ಸಲ ಕೆಮ್ಮಿ, ಮತ್ತೆ ನಿಂತುಬಿಟ್ಟಿತು.

"ನೀನ್ಯಾಕವ್ವ ತಳ್ಳೀಯೆ? ಒಳಕ್ಕೋಗಿ ಕುಂತ್ಕೊ," ಎಂದ ಕಂಡಕ್ಟರು.

"ಕುಂತ್ಕಂಡ್ರೆ ಓಡ್ತದಾ ನಿನ್ ಬಸ್ಸು? ಅಲ್ಲಿ ನಮ್ಮಕ್ಕನ್ನ ಮಣ್ ಮಾಡ್ಬುಡ್ತಾರೆ ಕಣಯ್ಯ. ಮೂರು ಗಂಟ್ಗೆ ಎತ್ತೀವಿ ಅಂತ ಯೋಳಿ ಕಳ್ಸವ್ರೆ."

ಕಂಡಕ್ಟರು ಅವಳ ಪಕ್ಕದಲ್ಲೇ ಭುಜ ಕೊಟ್ಟ. ಗುಂಡ್ಲುಪೇಟೆಯಿಂದ ಏಳಕ್ಕೆ ಹೊರಡಬೇಕಾಗಿದ್ದ ಬಸ್ಸು ಒಂಬತ್ತೂವರೆಗೆ ಹೊರಟಿತ್ತು. ತೆರಕಣಾಂಬಿಯಲ್ಲಿ ಮೂತಿ ತೆರೆದು ನೀರು ಹುಯ್ಯುವುದಕ್ಕೆ ಒಂದು ಗಂಟೆ. ಈಗ ಉಡಿಗಾಲ ಇನ್ನೂ ನಾಲ್ಕು ಮೈಲಿ ಇರುವಾಗ, ಸುತ್ತ ಒಂದು ಮರದ ನೆರಳೂ ಇಲ್ಲದ ಕಡೆ, ಹೀಗೆ. ಹೊತ್ತು ನೆತ್ತಿಗೆ ಬಂದಿತ್ತು. ಸುದ್ದಿ ತಂದವನು ಬೆಳಗಾಗುವ ಮುಂಚೆಯೇ ಸೈಕಲ್ಲಿನಲ್ಲಿ ಬಂದು ಹೇಳಿ ಹೋಗಿದ್ದ. ಗಂಡ ಶಾಂತಮಲ್ಲಪ್ಪ ಮೆಣಸಿನ ವ್ಯಾಪಾರಕ್ಕೆಂದು ಸುಲ್ತಾನ್ ಬತ್ತೇರಿಗೆ ಹೋದವನು ಇನ್ನೆರಡು ದಿನ ಬರುವಂತಿರಲಿಲ್ಲ. ಅವನಿಗೆ ಹೇಳಿ ಕಳಿಸಿ, ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಒಬ್ಬಳೇ ಹೊರಟುಬಂದಿದ್ದಳು.

ಆರನೆಯ ಸಲವೂ ಬಸ್ಸು ಕದಲದಿದ್ದಾಗ ಚಿಕ್ಕಮಲ್ಲಮ್ಮ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದೇಬಿಟ್ಟಳು. ಒಂದು ಮೈಲಿ ನಡೆದಿರಬೇಕು, ಹಿಂದಿನಿಂದ ಅದೇ ಬಸ್ಸು ಹಾರನ್ನು ಹೊಡೆಯುತ್ತ, ಧೂಳೆಬ್ಬಿಸಿಕೊಂಡು ಬಂತು. ರಸ್ತೆಗೆ ಅಡ್ಡ ನಿಂತು ಎರಡೂ ಕೈ ಎತ್ತಿದಳು. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲವೆಂಬ ಭಯಕ್ಕೋ ಏನೋ, ಡ್ರೈವರು ಅವಳನ್ನು ಸುತ್ತಿಕೊಂಡು ಹೋದ. ಹಿಂದಿನ ಸೀಟಿನಲ್ಲಿದ್ದ ಗಂಡಸರು, ಅವಳ ಜೊತೆ ಬಸ್ಸು ತಳ್ಳಿದವರೇ, ಪಾಪ ಅನ್ನುವಂತೆ ತಿರುಗಿ ನೋಡಿದರು. ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡು ಬೀಸಿದಳು. ಅದು ಧೂಳಿನಲ್ಲೆಲ್ಲೋ ಬಿತ್ತು.

ಎರಡು ವರ್ಷದಿಂದ ಅಕ್ಕನ ಜೊತೆ ಮಾತಿರಲಿಲ್ಲ. ಈಗ ಸತ್ತ ಮೇಲಾದರೂ ಮುಖ ನೋಡೋಣವೆಂದರೆ ದಾರಿಯೂ ಬಿಡಲೊಲ್ಲದು.

ಅವಳು ನಡೆದೇ ಮುಟ್ಟಿದಾಗ ಉಡಿಗಾಲದ ಅಕ್ಕನ ಮನೆಯ ಮುಂದೆ ಕಟ್ಟಿದ್ದ ಚಪ್ಪರದ ಕೆಳಗೆ ಜನ ತುಂಬಿದ್ದರು. ಬಿದಿರು ಸೀಳಿ, ಬಾಳೆಕಂದು ಕಟ್ಟಿ, ಹೆಣ ಕೂರಿಸಿ ಒಯ್ಯುವ ವಿಮಾನ ಸಿದ್ಧವಾಗಿತ್ತು. ಒಳಗೆ ಅಕ್ಕ ಪುಟ್ಟಮಲ್ಲಮ್ಮನನ್ನು ಗೋಡೆಗೆ ಒರಗಿಸಿ, ಬದುಕಿದ್ದಾಗ ಎಂದೂ ಕೂರದಷ್ಟು ನೆಟ್ಟಗೆ ಕೂರಿಸಿದ್ದರು. ಹಣೆಗೆ ದಪ್ಪ ವಿಭೂತಿ, ತಲೆ ತುಂಬ ಹೂವು, ಎಡಗೈಯಲ್ಲಿ ಲಿಂಗ. ಅಂಗೈ ಹಳದಿಯಾಗಿತ್ತು. ಅದು ಇವತ್ತು ಹಚ್ಚಿದ ಅರಿಶಿನವಲ್ಲ. ಮೂವತ್ತು ವರ್ಷ ಅರಿಶಿನ ಬೇಯಿಸಿ, ಒಣಗಿಸಿ, ತಿಕ್ಕಿದ ಕೈ. ಉಗುರಿನ ಸಂದಿಯಲ್ಲೆಲ್ಲ ಅದೇ ಬಣ್ಣ.

ಚಿಕ್ಕಮಲ್ಲಮ್ಮ ಗಂಟನ್ನು ಕೆಳಗಿಟ್ಟು ಹೊಸಿಲಲ್ಲೇ ಕೂತಳು. ಅಳು ಬರಲಿಲ್ಲ. ಏದುಸಿರು ಮಾತ್ರ ಬಂತು.

"ಬಂದ್ಯಾ ಕೂಸೆ? ನಿನ್ಗೇ ಕಾಯ್ತಿದ್ದೊ," ಎಂದು ನೆರೆಮನೆಯ ಮುದುಕಿ ಶಿವರುದ್ರಮ್ಮ ಅವಳ ಬೆನ್ನು ಸವರಿದಳು.

"ಏನಾಗಿತ್ತು ದೊಡ್ಡವ್ವ? ಜ್ವರ ಗಿರ ಏನಾರ ಬಂದಿತ್ತಾ?"

"ಏನೂ ಇಲ್ಲ ಕಣಮ್ಮಿ. ನೆನ್ನೆ ಅರಿಸ್ನದ ಕೊಪ್ಪರಿಗೆ ಮುಂದೆ ಕುಂತು ಉರಿ ಇಕ್ತಿದ್ಲು. ಅಂಗೇ ಎದೆ ಇಡ್ಕಂಡು ವಾಲ್ಬುಟ್ಲು. ಒಂದು ಕೂಗೂ ಕೂಗ್ನಿಲ್ಲ. ಅವ್ಳು! ಕೂಗಿದ್ರೆ ಮೂರೂರ್ಗೆ ಕೇಳೋಳು!"

ಅದು ನಿಜ. ಪುಟ್ಟಮಲ್ಲಮ್ಮನಿಗೆ ಪಿಸುಮಾತು ಬರುತ್ತಿರಲಿಲ್ಲ. ಕೆರೆ ಏರಿಯ ಮೇಲೆ ನಿಂತು ಗಂಡನನ್ನು ಊಟಕ್ಕೆ ಕರೆದರೆ ಆಚೆ ಹೊಲದ ಎತ್ತುಗಳೂ ಕತ್ತೆತ್ತಿ ನೋಡುತ್ತಿದ್ದವು. ಗುಟ್ಟು ಹೇಳುತ್ತೇನೆಂದು ಕಿವಿಯ ಹತ್ತಿರ ಬಾಯಿ ತಂದಳೆಂದರೆ ಆ ಗುಟ್ಟು ಬೀದಿಯ ಕೊನೆಯ ಮನೆಗೂ ತಿಳಿದಂತೆಯೇ. ಮಕ್ಕಳಿಲ್ಲದ ಆ ಮನೆ ಎಂದೂ ಸದ್ದಿಲ್ಲದೆ ಇದ್ದದ್ದಿಲ್ಲ.

ಮೂಲೆಯಲ್ಲಿ ಕಂಬಕ್ಕೊರಗಿ ಬಾವ ಮರಿಮಲ್ಲಪ್ಪ ಕುಳಿತಿದ್ದ. ಚಿಕ್ಕಮಲ್ಲಮ್ಮನನ್ನು ನೋಡಿದ, ಮಾತಾಡಲಿಲ್ಲ. ಹೆಂಡತಿ ಇದ್ದಷ್ಟು ಕಾಲ ಅವನಿಗೆ ಮಾತಾಡುವ ಪ್ರಮೇಯವೇ ಬಂದಿರಲಿಲ್ಲ.

ಹೊರಗೆ ಜಗಲಿಯ ಮೇಲೆ ಭಜನೆಯ ಗುರುಮಲ್ಲಯ್ಯ ಹಾರ್ಮೋನಿಯಂ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಗಂಡಸರ ಮಾತು ಒಳಗೆ ಕೇಳುತ್ತಿತ್ತು.

"ಸಿನಿಮಾದಲ್ಲಿ ಪದ ಯೋಳಿದ್ರಲ್ಲ, ಅವ್ರೇ ತಾನೆ ಇವ್ರು?" ಯಾರೋ ಹೊರಗಿನವನು ಕೇಳಿದ.

"ಊ, 'ಉಮ್ಮತ್ತೂರ ದೊರೆ' ಸಿನಿಮಾ. ಯೋಳಿದ್ರಂತೆ. ನಾನು ಮೂರ್ ಸಲ ನೋಡ್ದೆ, ನನ್ಗಂತೂ ಇವ್ರ ದನಿ ಸಿಕ್ನಿಲ್ಲ ಕಣ."

"ಐವತ್ ಜನದ ಮಧ್ಯದಲ್ಲಿ ಎಂಗ್ಲಾ ಸಿಕ್ತದೆ?"

"ಸಿನಿಮಾದ ಪದಾನ ಕಲ್ತ್ಕಂಡು ಬಂದು ಇಲ್ಲಿ ಯೋಳೋರು, ಪಾಪ. ಚೆಂದಾಗೇ ಯೋಳೋರು, ಬುಡು."

ಚಿಕ್ಕಮಲ್ಲಮ್ಮ ತಟ್ಟನೆ ಎದ್ದು ಬಾಗಿಲಿಗೆ ಬಂದಳು. "ಸಿನಿಮಾದ ಪದಾನ ಇವ್ಳು ಕಲಿತ್ಲಾ? ಯಾವನ್ಲಾ ಅಂದೋನು? ಇವ್ಳ ಪದಾನ ಸಿನಿಮಾದೋರು ಕಲಿತ್ರು ಕಣೊ! ನಮ್ಮವ್ವನ ಪದ ಅದು!"

ಗಂಡಸರು "ಹೂಂ ಕಣವ್ವ" ಎಂದರು. ಸಾವಿನ ಮನೆಯಲ್ಲಿ ಹೆಂಗಸು ಕೂಗಾಡಿದರೆ ಎದುರಾಡಬಾರದು ಎಂಬ ಹೂಂ ಅದು, ನಂಬಿದ ಹೂಂ ಅಲ್ಲ. ಅದು ಅವಳಿಗೂ ಗೊತ್ತಾಯಿತು.

*

ಅವ್ವನ ಮನೆಯಲ್ಲಿ ರಾಗಿಕಲ್ಲು ಇದ್ದದ್ದು ಅಡಿಗೆಕೋಣೆಯ ಪಕ್ಕದ ಗೂಡಿನಲ್ಲಿ. ಬೆಳಗಿನ ಜಾವ ಅಕ್ಕ ತಂಗಿ ಇಬ್ಬರೂ ಕಲ್ಲಿನ ಎರಡು ಕಡೆ ಕಾಲು ಚಾಚಿ ಕೂತು, ಒಂದೇ ಗೂಟವನ್ನು ನಾಲ್ಕು ಕೈಯಲ್ಲಿ ಹಿಡಿಯಬೇಕು. ಪುಟ್ಟಿಗೆ ಆಗ ಹದಿನಾಲ್ಕು, ಚಿಕ್ಕಿಗೆ ಏಳು. ಕಲ್ಲು ತಿರುಗಲು ಶುರುವಾದ ಮೇಲೆ ನಿಲ್ಲಬಾರದು. ನಿಂತರೆ ಮತ್ತೆ ಎಬ್ಬಿಸುವುದಕ್ಕೆ ಎರಡರಷ್ಟು ಬಲ ಬೇಕು. ಅದಕ್ಕೇ ಅವ್ವ ಪದ ಕಲಿಸಿದ್ದು. ಅಕ್ಕ ಒಂದು ಸೊಲ್ಲು ಎತ್ತುವಳು:

*ತಿರುಗವ್ವ ಕಲ್ಲೆ ತಿರುಗವ್ವ, ತಿಟ್ಟಿನ*
*ಮರೆಯಾಗಿ ಸೂರ್ಯ ಮೂಡ್ಯಾನು*

ಅವಳ ಉಸಿರು ಮುಗಿಯುವ ಮೊದಲೇ ತಂಗಿ ಎತ್ತಿಕೊಳ್ಳಬೇಕು:

*ಮೂಡೋಕೆ ಮುನ್ನ ಮೊರ ತುಂಬಿ, ಹಸಿದೋರು*
*ಬಾಗಿಲ ಮುಂದೆ ನಿಂತಾರು*

ಅಲ್ಲಿಂದ ಅಕ್ಕ, ಮತ್ತೆ ತಂಗಿ. ನಡುವೆ ಒಂದು ಎಳೆ ಬಿಡುವಿಲ್ಲ. ಚಿಕ್ಕಿ ತೂಕಡಿಸಿ ಎತ್ತಿಕೊಳ್ಳುವುದನ್ನು ತಪ್ಪಿಸಿದರೆ ಕಲ್ಲು ಗಕ್ಕನೆ ನಿಲ್ಲುತ್ತಿತ್ತು. ಒಳಗಿನಿಂದ ಅವ್ವ, "ಯಾಕ್ರಮ್ಮಿ, ಕಲ್ಲು ಸತ್ತೋಯ್ತಾ?" ಎಂದು ಕೂಗುತ್ತಿದ್ದಳು. ಪುಟ್ಟಿ ಬೈಯುತ್ತಿರಲಿಲ್ಲ. ಕಾಲಿನಿಂದ ತಂಗಿಯ ಕಾಲನ್ನು ಒಮ್ಮೆ ಒದೆಯುತ್ತಿದ್ದಳು, ಅಷ್ಟೆ.

ಅವಳ ಸೊಲ್ಲು ಅವಳಿಗೆ, ಇವಳ ಸೊಲ್ಲು ಇವಳಿಗೆ. ಅಕ್ಕನ ಭಾಗವನ್ನು ತಂಗಿಯಾಗಲಿ ತಂಗಿಯ ಭಾಗವನ್ನು ಅಕ್ಕನಾಗಲಿ ಎಂದೂ ಬಾಯಿಗೆ ತಂದವರಲ್ಲ. ಮದುವೆಯಾಗಿ ಒಬ್ಬಳು ಉಡಿಗಾಲಕ್ಕೆ, ಒಬ್ಬಳು ಗುಂಡ್ಲುಪೇಟೆಗೆ ಹೋದ ಮೇಲೆ, ಹಬ್ಬಕ್ಕೋ ಮದುವೆಗೋ ಸೇರಿದಾಗ ಮಾತ್ರ ಪದ ಪೂರ್ತಿಯಾಗುತ್ತಿತ್ತು. ಆಮೇಲೆ ಚಾಮರಾಜನಗರದಲ್ಲಿ ಹಿಟ್ಟಿನ ಮಿಷನ್ನು ಬಂತು. ಕಲ್ಲುಗಳು ಹಿತ್ತಿಲು ಸೇರಿದವು. ಪದ ಮಾತ್ರ ಉಳಿಯಿತು.

*

ಐನೋರು ಕರಿಬಸವಯ್ಯ ಬಿಲ್ವಪತ್ರೆ ವಿಂಗಡಿಸುತ್ತ ಕೂತಿದ್ದರು. ಚಿಕ್ಕಮಲ್ಲಮ್ಮ ಅವರ ಮುಂದೆ ಹೋಗಿ ಕೈಮುಗಿದು ನಿಂತಳು.

"ಬುದ್ಧಿ, ಒಂದ್ ಮಾತು. ಗುಂಡಿ ಹತ್ರ ನಮ್ಮಕ್ಕನ ಪದ ಒಂದ್ ಸಲ ಯೋಳ್ಬೇಕು. ನಾನು ಯೋಳ್ತೀನಿ."

"ಯಾವ ಪದ ತಾಯಿ?"

"ಅದೇ ಬುದ್ಧಿ, ರಾಗಿಕಲ್ಲಿನ ಪದ. ತಿರುಗವ್ವ ಕಲ್ಲೆ."

ಅವರು ತಲೆಯೆತ್ತದೆ ಕೇಳಿದರು. "ಆ ಸಿನಿಮಾದ್ದಾ?"

"ಸಿನಿಮಾದ್ದಲ್ಲ ಬುದ್ಧಿ!"

"ಮಟ್ಟು ಅದೇ ಅಲ್ವಾ? ನಾನೂ ಕೇಳಿವ್ನಿ ತಾಯಿ, ಚಾಮರಾಜನಗರದ ಸಿನಿಮಾ ಟೆಂಟಿನ ಮೈಕು ಅಲ್ಲಿನ ನಮ್ಮ ಮಠದವರೆಗೂ ಕೇಳ್ತದೆ. ಶಿವನ ಪಾದ ಸೇರೋ ಹೊತ್ನಲ್ಲಿ ಸಿನಿಮಾದ ಪದ ಯೋಳ್ಸಿದ್ರು ಅಂತ ನಾಳೆ ನಾಲ್ಕ್ ಜನ ನನ್ನ ಅಂತಾರೆ. ಗುರುಮಲ್ಲಯ್ಯ ಶಿವಭಜನೆ ಮಾಡ್ತಾನೆ, ಅದು ಸಾಕು."

"ಸಿನಿಮಾ ಬರಾಕ್ ಮುಂಚೆ ನಮ್ಮವ್ವ ಯೋಳ್ತಿದ್ಲು ಬುದ್ಧಿ. ಅವ್ಳಿಗೆ ಅವ್ಳವ್ವ."

"ಇರ್ಬೋದು," ಎಂದರು ಐನೋರು, ಸಮಾಧಾನದ ದನಿಯಲ್ಲೇ. "ಆದ್ರೆ ಜನಕ್ಕೆ ಗೊತ್ತಿರೋದು ಅದೇ ಅಲ್ವಾ ತಾಯಿ?"

ಚಿಕ್ಕಮಲ್ಲಮ್ಮ ಮುಗಿದ ಕೈ ಇಳಿಸಿ ಹಿತ್ತಿಲ ಕಡೆ ತಿರುಗಿದಳು. ಇದೇ ಮಾತನ್ನು ಎರಡು ವರ್ಷದ ಹಿಂದೆ ತಾನೇ ಅಕ್ಕನಿಗೆ ಆಡಿದ್ದಳು.

*

ಐವತ್ತಾರರಲ್ಲಿ ಚಾಮರಾಜನಗರದ ಟೆಂಟಿಗೆ 'ಉಮ್ಮತ್ತೂರ ದೊರೆ' ಬಂದಾಗ ಉಡಿಗಾಲದಿಂದ ಹನ್ನೊಂದು ಗಾಡಿ ಹೋಗಿದ್ದವು. ಚಿಕ್ಕಮಲ್ಲಮ್ಮನೂ ಗುಂಡ್ಲುಪೇಟೆಯಿಂದ ಬಂದಿದ್ದಳು. ಅದಕ್ಕೆ ಪದ ಹೇಳಲು ಅಕ್ಕ ಮದರಾಸಿಗೆ ಹೋಗಿ ಬಂದು ಆಗಲೇ ವರ್ಷವಾಗಿತ್ತು. ತನ್ನನ್ನು ಒಂದು ಮಾತು ಕೇಳದೆ, ಇಬ್ಬರ ಪದವನ್ನು ಒಬ್ಬಳೇ ತೆಗೆದುಕೊಂಡು ಹೋಗಿ ಕೊಟ್ಟುಬಂದಳಲ್ಲ ಎಂಬ ಕುದಿ ಒಳಗಿದ್ದರೂ, ಬೆಳ್ಳಿ ಪರದೆಯಿಂದ ಅಕ್ಕನ ದನಿ ಬರುವುದನ್ನು ಕೇಳುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಕತೆಯ ಕೊನೆಯಲ್ಲಿ ಉಮ್ಮತ್ತೂರಿನ ದೊರೆ ಯುದ್ಧದಲ್ಲಿ ಬೀಳುತ್ತಾನೆ. ಕೋಟೆಯ ಬಾಗಿಲಿನಿಂದ ಪ್ರಜೆಗಳೆಲ್ಲ ಪಂಜು ಹಿಡಿದು ಬರುತ್ತಾರೆ. ಆಗ ನೂರು ಪಿಟೀಲು ಒಂದೇ ಸಲ ಎದ್ದಂತಾಗಿ, ನಗಾರಿ ಗುಡುಗಿ, ಹೆಂಗಸರೂ ಗಂಡಸರೂ ಒಟ್ಟಾಗಿ ಹಾಡಿದರು:

*ಏಳಯ್ಯ ದೊರೆಯೆ ಏಳಯ್ಯ, ದುರ್ಗದ*
*ಮರೆಯಾಗಿ ಸೂರ್ಯ ಮೂಡ್ಯಾನು*

ಟೆಂಟಿನ ಜನ ಮರಳಿನ ಮೇಲೆ ಎದ್ದು ಕೂತರು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಚಿಕ್ಕಮಲ್ಲಮ್ಮನ ಮೈಯೆಲ್ಲ ನವಿರೆದ್ದಿತು. ಅಕ್ಕನ ಸೊಲ್ಲು! ತನ್ನ ಸೊಲ್ಲಿಗಾಗಿ ಅವಳು ಉಸಿರು ಬಿಗಿಹಿಡಿದಳು. ಆದರೆ ಆ ಜಾಗಕ್ಕೆ ಪಿಟೀಲುಗಳು ಬಂದವು. ಮೇಲಕ್ಕೆ ಹೋಗಿ, ಅಲ್ಲೇ ಸುತ್ತಿ, ಕೆಳಕ್ಕಿಳಿದವು. ಆಮೇಲೆ ಮತ್ತೆ ಅಕ್ಕನ ಸೊಲ್ಲು, ಮತ್ತೆ ಪಿಟೀಲು. ಕೊನೆಯವರೆಗೂ ತಂಗಿಯ ಸೊಲ್ಲು ಬರಲೇ ಇಲ್ಲ. ಅಕ್ಕನ ದನಿಯೂ ಸಿಗಲಿಲ್ಲ.

"ಎಲ್ಲೆ ಅಕ್ಕ ನಿನ್ ದನಿ?" ಎಂದು ಕೇಳಿದಳು.

"ಅದ್ರೊಳಗದೆ," ಎಂದಳು ಪುಟ್ಟಮಲ್ಲಮ್ಮ. ಆ ಒಂದು ಸಲ ಅವಳ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣಗಿತ್ತು.

ಅದಾಗಿ ಮೂರು ತಿಂಗಳಿಗೆ ಸಂತೆಮರಹಳ್ಳಿಯಲ್ಲಿ ನೆಂಟರ ಮದುವೆ. ಹೆಣ್ಣಿಗೆ ಎಣ್ಣೆ ಹಚ್ಚುವಾಗ ಪುಟ್ಟಮಲ್ಲಮ್ಮ ಎಂದಿನಂತೆ ಎತ್ತಿದಳು, "ತಿರುಗವ್ವ ಕಲ್ಲೆ ತಿರುಗವ್ವ." ಹುಡುಗಿಯರು ಕಿಸಕ್ಕನೆ ನಕ್ಕರು. "ಅಯ್ಯೊ, ಸಿನಿಮಾದ್ದು! ದೊರೆ ಸತ್ತಾಗಿನದು! ಮದ್ವೇಲಿ ಯೋಳ್ಬಾರ್ದು!" ಎಂದು ಬೀಗಿತಿಯರು ಮುಖ ಕಿವುಚಿದರು. ಪುಟ್ಟಮಲ್ಲಮ್ಮ ನಿಲ್ಲಿಸದೆ ಸೊಲ್ಲು ಮುಗಿಸಿ ತಂಗಿಯ ಕಡೆ ನೋಡಿದಳು. ಎತ್ತಿಕೊ ಎನ್ನುವ ನೋಟ.

ಚಿಕ್ಕಮಲ್ಲಮ್ಮ ಎತ್ತಿಕೊಳ್ಳಲಿಲ್ಲ. "ಬುಡಕ್ಕ, ನಾಚ್ಕೆ ಆಯ್ತದೆ. ಅದು ನಮ್ದಾಗಿ ಉಳಿದಿಲ್ಲ. ಜನಕ್ಕೆ ಗೊತ್ತಿರೋದು ಸಿನಿಮಾದ್ದೇ. ನೀನೇ ಮಾರ್ಕೊಂಡು ಬಂದೆ, ಈಗ ಯಾತಕ್ ಯೋಳೀಯೆ?" ಎಂದುಬಿಟ್ಟಳು.

ಪುಟ್ಟಮಲ್ಲಮ್ಮ ಎಣ್ಣೆಯ ಬಟ್ಟಲು ಕೆಳಗಿಟ್ಟು ಎದ್ದು ಹೋದಳು. ಅವತ್ತಿನಿಂದ ಮಾತಿಲ್ಲ.

*

ಹಿತ್ತಿಲಿನಲ್ಲಿ ಅರಿಶಿನದ ಕೊಪ್ಪರಿಗೆ ಹಾಗೇ ಇತ್ತು. ಅರ್ಧ ಬೆಂದ ಕೊಂಬುಗಳು ತಣ್ಣಗಾದ ನೀರಿನಲ್ಲಿ ಉಬ್ಬಿದ್ದವು. ಚಿಕ್ಕಮಲ್ಲಮ್ಮ ಅಲ್ಲಿ ಹೋಗಿ ನಿಂತಾಗ ಸ್ಕೂಲು ಮೇಷ್ಟ್ರು ಸಿದ್ದಮಲ್ಲಪ್ಪ ಹಿಂದೆಯೇ ಬಂದರು. ಸಿನಿಮಾದವರನ್ನು ಈ ಮನೆಗೆ ಕರೆತಂದವರು ಅವರೇ, ಮದರಾಸಿಗೆ ಜೊತೆಯಲ್ಲಿ ಹೋದವರೂ ಅವರೇ.

"ನೀವ್ ದೂರ ಹೋಗಿ ಮೇಷ್ಟ್ರೆ. ನಿಮ್ಮಿಂದ್ಲೇ ಆಗಿದ್ದು ಇದೆಲ್ಲ," ಎಂದಳು.

"ಬೈಯಮ್ಮ, ಬೈದ್ಬುಡು. ಆದ್ರೆ ಒಂದು ಮಾತು ಕೇಳು. ನಿಮ್ಮಕ್ಕ ಬದುಕಿರೋತನ್ಕ ಯಾರ್ಗೂ ಯೋಳ್ಬಾರ್ದು ಅಂತ ನನ್ನ ಕೈಲಿ ಮಾತು ತಗಂಡಿದ್ರು. ಈಗ ಅವ್ರೇ ಇಲ್ಲ."

ಮೇಷ್ಟ್ರು ಕೊಪ್ಪರಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಹೇಳತೊಡಗಿದರು. ಮದರಾಸಿನಲ್ಲಿ ಕಿಟಕಿಯೇ ಇಲ್ಲದ ದೊಡ್ಡ ಕೋಣೆ. ನಲವತ್ತು ಜನ ವಾದ್ಯದವರು, ಆಳೆತ್ತರದ ಪಿಟೀಲು ಹಿಡಿದವರು, ಕಹಳೆಯವರು. ಹಾಡುವ ಹೆಂಗಸರು ಹದಿನಾರು, ಗಂಡಸರು ಇಪ್ಪತ್ತು. ಅವರಿಗೆಲ್ಲ ಮಟ್ಟು ಹೇಳಿಕೊಟ್ಟದ್ದು ಪುಟ್ಟಮಲ್ಲಮ್ಮನೇ. ಸಂಗೀತ ನಿರ್ದೇಶಕರು ಒಳ್ಳೆಯವರು, ಅವಳ ಹಾಡು ಕೇಳಿ ಕಣ್ಣೀರು ಹಾಕಿದವರು.

"ರೆಕಾರ್ಡಿಂಗ್ ಶುರುವಾಯ್ತು. ನಿಮ್ಮಕ್ಕ ಬಾಯಿ ತೆಗೆದ್ರೆ ಬೇರೆ ಯಾರ ದನೀನೂ ಇಲ್ಲ. ಗಾಜಿನ ಕೋಣೆಯಿಂದ ಕೈ ಬೀಸಿದ್ರು. ಎರಡು ಹೆಜ್ಜೆ ಹಿಂದಕ್ಕೆ ಅಂದ್ರು. ಹೋದ್ರು. ಮತ್ತೆ ಹಾಡಿದ್ರು, ಮತ್ತೆ ಹಿಂದಕ್ಕೆ. ಗೋಡೆಗೆ ಹೋಗಿ ನಿಂತ್ರು. ಆದ್ರೂ ಅದೇ. ಮೆಲ್ಲಗೆ ಯೋಳಿ ಅಂದ್ರೆ ಅವ್ರಿಗೆಲ್ಲಿ ಬರ್ತದೆ? ಕೊನೇಗೆ ಬಾಗಿಲು ತೆಗೆದು ಆಚೆ ಕಡೆ, ಎಲ್ಲರ ಚಪ್ಪಲಿ ಬಿಟ್ಟಿದ್ರಲ್ಲ, ಅಲ್ಲಿ ನಿಲ್ಸಿದ್ರು. ಅಲ್ಲಿ ಕಾಗೆ ಸದ್ದು. ಅದೂ ಆಗ್ನಿಲ್ಲ. 'ಅಮ್ಮಾ, ನೀವು ಕೂತ್ಕೊಳ್ಳಿ, ಸಾಕು' ಅಂದ್ರು. ಬಾಗಿಲು ಹಾಕಿ ಒಳಗೆ ರೆಕಾರ್ಡು ಮಾಡಿದ್ರು."

"ಅಂಗಾರೆ..." ಚಿಕ್ಕಮಲ್ಲಮ್ಮ ಅವರ ಕಡೆ ತಿರುಗಿದಳು. "ಅಂಗಾರೆ ಅದ್ರಲ್ಲಿ ಅವ್ಳ ದನೀನೇ ಇಲ್ವಾ?"

"ಇಲ್ಲಮ್ಮ."

ಅವಳು ಕೊಪ್ಪರಿಗೆಯ ಅಂಚನ್ನು ಹಿಡಿದುಕೊಂಡಳು. ಎಲ್ಲೋ ಒಂದು ಕಡೆ, ಅಷ್ಟು ಜನರ ಹಿಂದೆ, ಹುಡುಕಿದರೆ ಸಿಗುವಂತೆ ಅಕ್ಕ ಇದ್ದಾಳೆ ಎಂದು ಬೆಳಗ್ಗೆಯಿಂದ ನಂಬಿಕೊಂಡು ಬಂದಿದ್ದಳು. ಬಸ್ಸು ತಳ್ಳುವಾಗಲೂ ಅದೊಂದು ಸಮಾಧಾನವಿತ್ತು.

"ಇನ್ನೊಂದದೆ," ಎಂದರು ಮೇಷ್ಟ್ರು. "ಹೇಳಿಕೊಡೋವಾಗ ಅವ್ರು ಒಂದು ಸೊಲ್ಲು ಯೋಳಿ ನಿಲ್ಸೋರು. ನಿಲ್ಸಿ ಸುಮ್ನೆ ಕಾಯೋರು. ಮುಂದಿಂದು ಯೋಳಿ ಅಂದ್ರೆ, 'ಅದು ನಮ್ಮ ಚಿಕ್ಕೀದು ಸ್ವಾಮಿ, ಅವ್ಳೇ ಎತ್ಕೋಬೇಕು, ನಾನ್ ಎಂಗ್ ಯೋಳ್ಲಿ? ಅವ್ಳ ಕರಸಿ' ಅಂತ ಒಂದೇ ಹಟ. ಕಾಗದ ಬರೆಯೋವಷ್ಟು ದಿನ ಎಲ್ಲಿತ್ತು? ನೀನು ಬಾಣಂತಿ ಬೇರೆ ಆಗ. ಎರಡು ದಿನ ಕೇಳಿದ್ರು, ನಿಮ್ಮಕ್ಕ ಬಾಯಿ ಬುಡ್ನಿಲ್ಲ. ಆಮೇಲೆ ಆ ನಿರ್ದೇಶಕರು, 'ಆಯ್ತು, ಇವರು ನಿಲ್ಸೋ ಕಡೆಯೆಲ್ಲ ಪಿಟೀಲು ತುಂಬಿಸ್ತೀನಿ' ಅಂದ್ರು."

ಚಿಕ್ಕಮಲ್ಲಮ್ಮನಿಗೆ ಬಂದದ್ದು ಅಳುವಲ್ಲ, ಸಿಟ್ಟು. "ಯೋಳ್ಬಾರ್ದಾಗಿತ್ತಾ ನನ್ಗೆ? ಮದ್ವೆ ಮನೇಲಿ ಅಂದ್ನಲ್ಲ, ಆಗ ಕಪಾಳಕ್ಕೆ ಹೊಡೆದು ಯೋಳ್ಬಾರ್ದಾಗಿತ್ತಾ? ಊರಿಗೆಲ್ಲ ಕೇಳೋಂಗೆ ಕೂಗ್ತಿದ್ದೋಳು, ಇದೊಂದಕ್ಕೆ ಬಾಯಿ ಕಟ್ಟಿತ್ತಾ?" ಎಂದು ಮನೆಯ ಹಿಂಬಾಗಿಲಿನ ಕಡೆಗೆ ತಿರುಗಿ ಕೂಗಿದಳು. ಒಳಗೆ ನೆಟ್ಟಗೆ ಕೂತಿದ್ದವಳು ಉತ್ತರ ಕೊಡುವಂತಿರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಎದ್ದುಹೋದರು.

*

ಮೂರು ಗಂಟೆ ದಾಟಿದ ಮೇಲೆ ವಿಮಾನ ಎತ್ತಿದರು. ಗುರುಮಲ್ಲಯ್ಯ ಹಾರ್ಮೋನಿಯಂ ಕೊರಳಿಗೆ ನೇತುಹಾಕಿಕೊಂಡು ಮುಂದೆ ನಡೆದ. ಕೆರೆಯ ಆಚೆ, ಮರಿಮಲ್ಲಪ್ಪನ ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಪುಟ್ಟಮಲ್ಲಮ್ಮನನ್ನು ಇಳಿಸಿ, ಗುಂಡಿಯ ಒಳಗಿನ ಗೂಡಿನಲ್ಲಿ ಕೂರಿಸಿ, ಸುತ್ತ ವಿಭೂತಿ ತುಂಬಿದರು. ಐನೋರು ಮಂತ್ರ ಹೇಳಿ ಬಿಲ್ವಪತ್ರೆ ಹಾಕಿದರು. ಒಬ್ಬೊಬ್ಬರಾಗಿ ಪತ್ರೆ ಹಾಕಿ ಸುತ್ತು ಬಂದರು.

ಚಿಕ್ಕಮಲ್ಲಮ್ಮ ಪತ್ರೆ ಹಾಕಿದಳು, ಆದರೆ ಮುಂದೆ ಸರಿಯಲಿಲ್ಲ.

"ಸರಿ ತಾಯಿ, ಹೊತ್ತಾಗ್ತದೆ," ಎಂದರು ಐನೋರು.

"ಪದ ಯೋಳ್ತೀನಿ ಬುದ್ಧಿ."

"ಆಗ್ಲೇ ಯೋಳಿದ್ನಲ್ಲ..."

"ಯೋಳ್ಲಿ ಬುಡಿ ಬುದ್ಧಿ." ಬೆಳಗ್ಗೆಯಿಂದ ತುಟಿ ಬಿಚ್ಚದ ಮರಿಮಲ್ಲಪ್ಪ ಹೇಳಿದ. ಅವನ ದನಿ ಎಂತಹದೆಂಬುದನ್ನೇ ಮರೆತಿದ್ದ ಜನ ತಿರುಗಿ ನೋಡಿದರು. "ಅಂದೋರು ನನ್ನೇ ಅನ್ಲಿ. ಯೋಳವ್ವ."

ಐನೋರು ಒಂದು ಹೆಜ್ಜೆ ಹಿಂದೆ ಸರಿದರು.

ಚಿಕ್ಕಮಲ್ಲಮ್ಮ ಬಾಯಿ ತೆರೆದಳು, ಆಗ ಅವಳಿಗೆ ಹೊಳೆಯಿತು: ತನಗೆ ಬರುವುದು ತನ್ನ ಸೊಲ್ಲು ಮಾತ್ರ. ಅದು ಎತ್ತಿಕೊಳ್ಳುವ ಸೊಲ್ಲು. ಮೊದಲು ಯಾರಾದರೂ ಎತ್ತದೆ ಅದಕ್ಕೆ ಹುಟ್ಟಿಲ್ಲ. ಮೂವತ್ತು ವರ್ಷ ಕೇಳಿದ ಅಕ್ಕನ ಸೊಲ್ಲನ್ನು ಒಂದು ಸಲವೂ ತನ್ನ ಬಾಯಲ್ಲಿ ಆಡಿದವಳಲ್ಲ. ಆದರೂ ಎತ್ತಿದಳು. "ತಿರುಗವ್ವ ಕಲ್ಲೆ..." ದನಿ ಒಡೆಯಿತು, ಮಟ್ಟು ಜಾರಿತು.

ಅವಳಿಗೆ ಗೊತ್ತಿಲ್ಲವೇನೋ ಎಂದುಕೊಂಡ ಗುರುಮಲ್ಲಯ್ಯ ಮರುಕದಿಂದ ಹಾರ್ಮೋನಿಯಂನಲ್ಲಿ ಮಟ್ಟು ಹಿಡಿದುಕೊಟ್ಟ. ಶಿವರುದ್ರಮ್ಮ ದನಿಗೂಡಿಸಿದಳು. ಅವಳ ಹಿಂದೆ ಹೆಂಗಸರು, ಆಮೇಲೆ ಗಂಡಸರು. ಟೆಂಟಿನಲ್ಲಿ ಮೂರು ಸಲ, ನಾಲ್ಕು ಸಲ ಕೇಳಿದವರು. ದೊರೆ ಸತ್ತಾಗಿನ ಪದವಲ್ಲವೆ, ಸಾವಿಗೆ ಸರಿಯಾಗಿಯೇ ಇದೆ ಎಂದುಕೊಂಡು ಎಲ್ಲರೂ ಮನಸಾರೆ ಹಾಡಿದರು:

*ಏಳಯ್ಯ ದೊರೆಯೆ ಏಳಯ್ಯ, ದುರ್ಗದ*
*ಮರೆಯಾಗಿ ಸೂರ್ಯ ಮೂಡ್ಯಾನು*

ಮಾತು ಬೇರೆಯಾಗಿದ್ದರೇನು, ಇದು ಅಕ್ಕನ ಸೊಲ್ಲೇ. 'ಮೂಡ್ಯಾನು' ಬಂದೇಬಿಟ್ಟಿತ್ತು. ಅದು ಮುಗಿಯುವ ಮೊದಲೇ ಚಿಕ್ಕಮಲ್ಲಮ್ಮ ಎತ್ತಿಕೊಂಡಳು: "ಮೂಡೋಕೆ ಮುನ್ನ ಮೊರ ತುಂಬಿ..."

ಯಾರೋ ಅವಳ ಮೊಣಕೈ ಹಿಡಿದರು. ಶಿವರುದ್ರಮ್ಮ. "ತಡಿ ಕೂಸೆ, ಇನ್ನೂ ಪಿಟೀಲು ಮುಗ್ದಿಲ್ಲ," ಎಂದಳು ಮೆಲ್ಲಗೆ.

ಗುರುಮಲ್ಲಯ್ಯನ ಬೆರಳುಗಳು ಆ ಪಿಟೀಲುಗಳ ಸುತ್ತನ್ನು ಒಂದೂ ಬಿಡದೆ ಹಾರ್ಮೋನಿಯಂನಲ್ಲಿ ನುಡಿಸುತ್ತಿದ್ದವು. ಹೆಂಗಸರು ಬಾಯಿ ಮುಚ್ಚಿ ಮೂಗಿನಲ್ಲಿ ಗುನುಗುತ್ತಿದ್ದರು. ಗಂಡಸರಲ್ಲಿ ಒಬ್ಬ ನಗಾರಿಯ ಪೆಟ್ಟನ್ನು ತೊಡೆಯ ಮೇಲೆ ಹಾಕುತ್ತಿದ್ದ. ಗುರುಮಲ್ಲಯ್ಯ ಅವಳ ಕಡೆ ನೋಡಿ, ಹೊಸಬರಿಗೆ ಧೈರ್ಯ ಹೇಳುವವನ ಹಾಗೆ ತಲೆಯಾಡಿಸಿ, ಎಡಗೈ ಸ್ವಲ್ಪ ಎತ್ತಿ, ಇರು, ಈಗ ಬರುತ್ತದೆ ಎಂದು ಸನ್ನೆ ಮಾಡಿದ.

ಚಿಕ್ಕಮಲ್ಲಮ್ಮ ಗುಂಡಿಯ ಅಂಚಿನಲ್ಲಿ, ಎದೆ ತುಂಬ ಉಸಿರು ಎಳೆದುಕೊಂಡು, ಬಾಯಿ ತೆರೆದೇ ನಿಂತಿದ್ದಳು. ಊರೆಲ್ಲ ತಲೆ ಬಾಗಿಸಿ, ಕಣ್ಣು ಮುಚ್ಚಿ, ಅಲ್ಲಿಲ್ಲದ ಪಿಟೀಲುಗಳು ಮುಗಿಯಲೆಂದು ಕಾಯುತ್ತಿತ್ತು.